ದುಡ್ಡು ಕೊಟ್ಟು ಹೋದ ಶೋನಲ್ಲಿ ಯೂಟ್ಯೂಬ್‌ನ ಹಳೇ ಜೋಕು: ಇದು ಸರಿನಾ?

ಸರಸ್ವತಿಪುರಂ ಸಂಜೆ

ಸ್ಟ್ಯಾಂಡಪ್ ನೋಡುವವರು, ನಗೆಹಬ್ಬಗಳಿಗೆ ತಪ್ಪದೆ ಹೋಗುವವರು ಇಲ್ಲಿ ಸಾಕಷ್ಟು ಜನ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಈಚೆಗೆ ಮೈಸೂರಿನಲ್ಲಿ ಬೆಂಗಳೂರಿನ ಹಾಸ್ಯಗಾರರೊಬ್ಬರ ಶೋ ಇತ್ತು. ಹೆಸರು ಬೇಡ, ಇದು ಅವರೊಬ್ಬರ ಕಥೆಯಲ್ಲ. ಪೋಸ್ಟರ್‌ನಲ್ಲಿ 'ಹೊಚ್ಚ ಹೊಸ ಶೋ' ಎಂದು ದಪ್ಪಕ್ಕೆ ಬರೆದಿತ್ತು. ಮನೆಮಂದಿಯೆಲ್ಲ ಹೋದೆವು. ಕೂತು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಅವರೇ ಯೂಟ್ಯೂಬ್‌ಗೆ ಹಾಕಿರುವ ಜೋಕುಗಳು. ಪಿಜಿ ಆಂಟಿ, ಅಪ್ಪನಿಗೆ ಸ್ಮಾರ್ಟ್‌ಫೋನ್ ಕಲಿಸಿದ್ದು, ಮದುವೆ ಮನೆಯಲ್ಲಿ ಊಟದ ಎಲೆ ಹಿಡಿಯುವುದು, ಎಲ್ಲವೂ ಅದೇ ಸಾಲು, ಅದೇ ನಿಲುಗಡೆ. ಪಕ್ಕದಲ್ಲಿದ್ದ ನನ್ನ ತಂಗಿ ಮಗ ಪಂಚ್‌ಲೈನನ್ನು ಅವರಿಗಿಂತ ಮೊದಲೇ ಪಿಸುಗುಡುತ್ತಿದ್ದ. ಮೈಸೂರಿಗೆ ಅಂತಲೇ ಹೇಳಿದ್ದು ಎರಡು: ಎಕ್ಸ್‌ಪ್ರೆಸ್‌ವೇ ಟೋಲ್ ಮತ್ತು ಮೈಲಾರಿ ದೋಸೆ. ದೋಸೆಯ ಜೋಕನ್ನು ಹುಬ್ಬಳ್ಳಿಯಲ್ಲಿ ಮಿರ್ಚಿ ಹೆಸರಿನಲ್ಲಿ ಹೇಳಿದ್ದಾರೆ ಅಂತ ಆಮೇಲೆ ಅಲ್ಲಿನ ಸ್ನೇಹಿತರು ಹೇಳಿದರು.

ಸಭೆ ನಕ್ಕಿತು, ನಿಜ. ನನ್ನ ಪ್ರಶ್ನೆ ಬೇರೆ. ತನ್ನದೇ ಜೋಕನ್ನು ಒಬ್ಬರು ಎಷ್ಟು ಸಲ ಮಾರಬಹುದು? ಹಳೇ ಹಾಡು ಹಾಡಿದರೆ ಶಿಳ್ಳೆ ಹೊಡೆಯುವ ನಾವು ಹಳೇ ಜೋಕಿಗೆ ಮಾತ್ರ ಯಾಕೆ ಮುಖ ಸಿಂಡರಿಸುತ್ತೇವೆ? ಇಲ್ಲಾ, ನನಗೊಬ್ಬನಿಗೇ ಹೀಗಾಗುತ್ತಾ?

ಹಿಂದಿನ ಸಾಲು

ಮುಂದಿನ ಸಲ ತಂಗಿ ಮಗನನ್ನೇ ಸ್ಟೇಜ್ ಹತ್ತಿಸಿ. ಟಿಕೆಟ್ ದುಡ್ಡಾದರೂ ವಾಪಸ್ ಬರುತ್ತದೆ.

ಹಾರ್ಮೋನಿಯಂ ಮೇಷ್ಟ್ರು

ನಾನು ಮಂಡ್ಯದ ಕಡೆಯವನು. ನಮ್ಮಲ್ಲಿ 'ಹಳೇದು' ಅನ್ನುವುದು ಬೈಗುಳ ಅಲ್ಲ.

ಕುರುಕ್ಷೇತ್ರ ನಾಟಕ ನೋಡಿದ್ದೀರಾ? ರಾತ್ರಿ ಶುರುವಾದರೆ ಬೆಳಗಿನ ಜಾವದವರೆಗೆ. ಕಥೆ ಗೊತ್ತು, ಕಂದಪದ್ಯ ಗೊತ್ತು, ಯಾರು ಯಾವ ಕಡೆಯಿಂದ ರಂಗಕ್ಕೆ ಬರುತ್ತಾರೆ ಅನ್ನುವುದೂ ಗೊತ್ತು. ದುರ್ಯೋಧನ ಒಂದು ಸಾಲು ನುಂಗಿದರೆ ಮುಂದೆ ಕೂತ ಅಜ್ಜ ಅದನ್ನು ಎತ್ತಿಕೊಡುತ್ತಾನೆ. ಕೃಷ್ಣನ ಪದ್ಯ ಕುದುರಿತು ಅಂದರೆ ಕೆಳಗಿನಿಂದ 'ಒನ್ಸ್ ಮೋರ್' ಬೀಳುತ್ತದೆ. ಅದೇ ಪದ್ಯವನ್ನು ಅಲ್ಲೇ ಮತ್ತೊಮ್ಮೆ ಹಾಡಬೇಕು. 'ಈಗ ತಾನೇ ಹಾಡಿದೆಯಲ್ಲಪ್ಪಾ' ಎಂದು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಪಾತ್ರ ಮಾಡುವವರೇ ದುಡ್ಡು ಕಟ್ಟಿ ಪಾತ್ರ ತೆಗೆದುಕೊಳ್ಳುತ್ತಾರೆ. ದೊಡ್ಡ ಪಾತ್ರಕ್ಕೆ ದೊಡ್ಡ ರೇಟು. ಎಲ್ಲರಿಗೂ ಗೊತ್ತಿರುವ ಮಾತನ್ನು ಹೇಳುವುದಕ್ಕೆ ಕೈಯಿಂದ ದುಡ್ಡು ಕೊಡುವ ಜನ ನಾವು!

ಹಾಸ್ಯಕ್ಕೂ ಅದೇ ಲೆಕ್ಕ. ಹೇಳುವ ಗತ್ತು ಇದ್ದರೆ ಸಾಕು.

ಒಂಟಿಕೊಪ್ಪಲು ಅಕ್ಕ

ಮೇಷ್ಟ್ರೇ, ನಿಮ್ಮ ಮಾತು ಚೆಂದ, ಆದರೆ ಒಪ್ಪುವುದಿಲ್ಲ.

ನಮ್ಮ ಬೀದಿಯ ಹತ್ತಿರ ಎಂಟನೇ ಕ್ರಾಸ್ ಗಣಪತಿ ಪೆಂಡಾಲಿನಲ್ಲಿ ಸಂಗೀತ ಕೇಳಿಕೊಂಡೇ ಬೆಳೆದವಳು ನಾನು. ಅದೇ ಕೀರ್ತನೆಯನ್ನು ಎಷ್ಟೋ ಜನ ವಿದ್ವಾಂಸರಿಂದ ಕೇಳಿದ್ದೇನೆ. ಬೇಜಾರಾಗುವುದಿಲ್ಲ, ಯಾಕೆಂದರೆ ಆಲಾಪನೆ, ನೆರವಲ್, ಸ್ವರ ಅಲ್ಲೇ ಹುಟ್ಟುತ್ತವೆ. ಮುಂದೇನು ಬರುತ್ತದೆ ಅಂತ ಗೊತ್ತಿದ್ದರೆ ಹಾಡಿನ ಸುಖ ಜಾಸ್ತಿಯಾಗುತ್ತದೆ. ಜೋಕಿನಲ್ಲಿ ಉಲ್ಟಾ. ಕೇಳುವವರನ್ನು ಒಂದು ದಾರಿಯಲ್ಲಿ ಕರೆದುಕೊಂಡು ಹೋಗಿ ತಟ್ಟನೆ ಬೇರೆ ಕಡೆ ತಿರುಗಿಸುವುದೇ ಅದರ ಜೀವ. ತಿರುವು ಎಲ್ಲಿದೆ ಅಂತ ಮೊದಲೇ ಗೊತ್ತಿದ್ದರೆ ನಗುವುದು ಬರೀ ಮರ್ಯಾದೆಗೆ.

ಇನ್ನೊಂದು ವಿಷಯ. ಹಳೇದು ಅಂದರೆ ಯಾವ ಹಳೇದು ಅಂತಲೂ ಕೇಳಬೇಕು. 'ಹೆಂಡತಿ ಸೀರೆ ಅಂಗಡಿಗೆ ಹೋದರೆ ಗಂಡನ ಕಥೆ ಏನು' ಅನ್ನುವ ಜೋಕು ನಾನು ಸ್ಕೂಲಿಗೆ ಹೋಗುವಾಗಲೂ ಇತ್ತು. ಈಗ ನನ್ನ ಮಗಳು ಕೆಲಸಕ್ಕೆ ಹೋಗುತ್ತಾಳೆ, ಮನೆಗೆ ಅವಳೇ ಲೋನ್ ಕಟ್ಟುತ್ತಾಳೆ. ವೇದಿಕೆ ಮೇಲೆ ಮಾತ್ರ ಹೆಂಡತಿ ಇನ್ನೂ ಸೀರೆ ಅಂಗಡಿಯಿಂದ ಹೊರಗೆ ಬಂದಿಲ್ಲ. ಎರಡು ವರ್ಷ ಹಳೇ ಯೂಟ್ಯೂಬ್ ಜೋಕಿಗಿಂತ ನನಗೆ ಈ ಹಳೇದೇ ದೊಡ್ಡ ತಲೆನೋವು. ಅದನ್ನು ಹೇಳುವವರು ಯುವಕರಾಗಿದ್ದರೂ ಅಷ್ಟೇ.

ಹಿಂದಿನ ಸಾಲು

ಅಕ್ಕಾ, ಲೋನ್ ಕಟ್ಟುವ ಹೆಂಡತಿಯ ಮೇಲೆ ಜೋಕು ಮಾಡಲು ಗಂಡನಿಗೆ ಧೈರ್ಯ ಬೇಕಲ್ಲ!

ಪೆಂಡಾಲ್ ಸಮಿತಿ

ಕಾರ್ಯಕ್ರಮ ಮಾಡಿಸುವವರ ಕಡೆಯಿಂದ ನಾಲ್ಕು ಮಾತು. ಮಂಡ್ಯ ಜಿಲ್ಲೆಯ ಒಂದು ಊರಿನಲ್ಲಿ ಗಣಪತಿ ಹಬ್ಬಕ್ಕೂ ನವೆಂಬರ್‌ನ ರಾಜ್ಯೋತ್ಸವಕ್ಕೂ ಹಾಸ್ಯ ಭಾಷಣ ಇಡಿಸುವ ಸಮಿತಿಯಲ್ಲಿ ನಾನಿದ್ದೇನೆ.

ಹಳೇ ಜೋಕು ಹೇಳಿಸುವವರು ನಾವೇ. ಇದನ್ನು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಭಾಷಣಕಾರರನ್ನು ಒಪ್ಪಿಸಲು ಫೋನ್ ಮಾಡಿದಾಗಲೇ ಅಧ್ಯಕ್ಷರು ಪಕ್ಕದಿಂದ ಕೂಗುತ್ತಾರೆ: 'ಆ ಬಸ್ ಕಂಡಕ್ಟರ್ ಜೋಕು ಹೇಳಲೇಬೇಕು ಅಂತ ಹೇಳಯ್ಯಾ!' ಅವರು ಹೊಸದೇನೋ ಶುರು ಮಾಡಿದರೆ ಐದು ನಿಮಿಷಕ್ಕೆ ಚೀಟಿ ಹೋಗುತ್ತದೆ, ಕಂಡಕ್ಟರ್ ಜೋಕು ಬೇಕು ಎಂದು. ಜನ ಬಂದಿರುವುದೇ ಅದಕ್ಕೆ. ಮೊಬೈಲಿನಲ್ಲಿ ನಕ್ಕಿದ್ದನ್ನು ಊರಿನವರ ಜೊತೆ ಕೂತು ಮತ್ತೆ ನಗಬೇಕು ಅವರಿಗೆ.

ಇನ್ನು ವೇದಿಕೆ ಹೇಗಿರುತ್ತದೆ ನೋಡಿ. ಮುಂದಿನ ಸಾಲಿನಲ್ಲಿ ಮಕ್ಕಳು, ಹಿಂದೆ ಹೆಂಗಸರು, ಅದರ ಹಿಂದೆ ಬೈಕ್ ಮೇಲೆ ಕೂತ ಹುಡುಗರು. ಸ್ಟೇಜ್ ಮೇಲೆ ಎರಡು ಪಕ್ಷದ ಮುಖಂಡರು, ಒಬ್ಬರು ಸ್ವಾಮೀಜಿ. ಮುಖ್ಯ ಅತಿಥಿ ಬರುವುದು ತಡವಾದರೆ ಇನ್ನೊಂದು ಇಪ್ಪತ್ತು ನಿಮಿಷ ಎಳೆಯಬೇಕು, ಬಂದ ಕೂಡಲೇ ಅರ್ಧಕ್ಕೆ ನಿಲ್ಲಿಸಬೇಕು. ಇಂಥ ಕಡೆ ಯಾರಾದರೂ ಹೊಸ ಜೋಕು ಪರೀಕ್ಷೆ ಮಾಡುತ್ತಾರಾ? ಯಾರ ಜಾತಿಗೆ ತಗುಲುತ್ತದೋ, ಯಾರ ಪಕ್ಷಕ್ಕೆ ಚುಚ್ಚುತ್ತದೋ. ನೂರು ಊರಿನಲ್ಲಿ ಹೇಳಿ, ಯಾರಿಗೂ ಏಟಾಗಿಲ್ಲ ಅಂತ ಖಾತ್ರಿಯಾದ ಮಾತನ್ನೇ ಅವರು ತರುತ್ತಾರೆ. ಹಾಗೆ ತರಲಿ ಅಂತಲೇ ನಾವೂ ಬಯಸುತ್ತೇವೆ.

ನಮ್ಮದು ಟಿಕೆಟ್ ಇಲ್ಲದ ಕಾರ್ಯಕ್ರಮ. ಟಿಕೆಟ್ ಇಟ್ಟವರ ನ್ಯಾಯ ಬೇರೆ ಇರಬಹುದು.

ಸರಸ್ವತಿಪುರಂ ಸಂಜೆ

@ಪೆಂಡಾಲ್ ಸಮಿತಿ, ಸರ್, ಕೊನೆಯ ಸಾಲೇ ನನ್ನ ತಕರಾರು. ಊರ ಹಬ್ಬದಲ್ಲಿ ಕಂಡಕ್ಟರ್ ಜೋಕು ಕೇಳಿದರೆ ನಾನೂ ಖುಷಿಯಾಗಿ ನಗುತ್ತೇನೆ. 'ಹೊಚ್ಚ ಹೊಸ' ಅಂತ ದುಡ್ಡು ತೆಗೆದುಕೊಂಡರೆ ಹೊಸದು ಕೊಡಬೇಕು, ಅಲ್ವಾ?

ಮೈಕ್ ಟೆಸ್ಟಿಂಗ್

ನಾನು ಮೈಸೂರಿನವನು. ಕೆಲಸ ಬೇರೆ ಇದೆ, ಬಿಡುವಾದಾಗ ಬೆಂಗಳೂರಿಗೆ ಹೋಗಿ ಓಪನ್ ಮೈಕ್ ಮಾಡುತ್ತೇನೆ, ಅಂದರೆ ಯಾರು ಬೇಕಾದರೂ ಮೈಕ್ ಹಿಡಿದು ಜೋಕು ಹೇಳಿ ನೋಡುವ ಸಣ್ಣ ಶೋ. ಒಳಗಿನ ಲೆಕ್ಕ ಸ್ವಲ್ಪ ಹೇಳುತ್ತೇನೆ, ಉದ್ದವಾದರೆ ಬೈಯಬೇಡಿ.

ಓಪನ್ ಮೈಕ್‌ನಲ್ಲಿ ಒಬ್ಬರಿಗೆ ಸಿಗುವುದು ನಾಲ್ಕೈದು ನಿಮಿಷ. ಕೇಳುವವರಲ್ಲಿ ಅರ್ಧ ಜನ ತಮ್ಮ ಸರದಿ ಕಾಯುತ್ತಿರುವ ಬೇರೆ ಹಾಸ್ಯಗಾರರು, ಅವರು ನಗುವುದಿಲ್ಲ. ಮನೆಯಲ್ಲಿ ಬರೆದಾಗ ನಮಗೇ ನಗು ತಡೆಯಲಾಗದ ಜೋಕು ಅಲ್ಲಿ ದೊಪ್ಪೆಂದು ಬೀಳುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು, ಎಲ್ಲಿ ಒಂದು ಪದ ಜಾಸ್ತಿಯಾಯಿತು, ಎಲ್ಲಿ ಅವಸರ ಮಾಡಿದೆ ಅಂತ ಕೇಳಿ ತಿದ್ದುತ್ತೇವೆ. ಹೀಗೆ ಸೋಸಿ ಸೋಸಿ ಉಳಿದ ಚೂರುಗಳನ್ನು ಜೋಡಿಸಿ ಹತ್ತು ನಿಮಿಷ, ಇಪ್ಪತ್ತು ನಿಮಿಷ. ಆಮೇಲೆ ಕಡಿಮೆ ಟಿಕೆಟ್‌ನ ಟ್ರಯಲ್ ಶೋ. ಒಂದು ಗಂಟೆಯ ಸೆಟ್ ಗಟ್ಟಿಯಾಗಲು ಒಂದು ವರ್ಷ, ಎರಡು ವರ್ಷ ಹಿಡಿಯುವುದು ಮಾಮೂಲು. ಹಾಗಾಗಿ ನೀವು ನೋಡುವ ಯಾವ ಒಳ್ಳೆಯ ಜೋಕೂ ಆವತ್ತು ಹುಟ್ಟಿದ್ದಲ್ಲ. ಬೇರೆ ಯಾರ ಮೇಲೋ ಹತ್ತಾರು ಸಲ ಪ್ರಯೋಗ ಆಗಿಯೇ ಬಂದಿರುತ್ತದೆ. ಹಳೇ ಜೋಕು ಹೇಳಬೇಡಿ ಅಂದರೆ, ಸರಿಯಾಗಿ ಬೇಯದ ಜೋಕು ಹೇಳಿ ಅಂದಹಾಗೆ.

ಹೊರದೇಶದಲ್ಲಿ ಒಂದು ಕ್ರಮ ಇದೆ. ಬರೆದು, ಟ್ರಯಲ್ ಮಾಡಿ, ಊರೂರು ಸುತ್ತಿ, ಕೊನೆಯಲ್ಲಿ ಚಿತ್ರೀಕರಿಸಿ 'ಸ್ಪೆಷಲ್' ಅಂತ ಬಿಟ್ಟುಬಿಡುತ್ತಾರೆ. ಆಮೇಲೆ ಆ ಸೆಟ್ ಸಾಮಾನ್ಯವಾಗಿ ಕಪಾಟಿಗೆ. ಅಮೆರಿಕದ ಹಾಸ್ಯಗಾರ ಜಾರ್ಜ್ ಕಾರ್ಲಿನ್ 1977ರಿಂದ 2008ರವರೆಗೆ ಅಲ್ಲಿನ ಎಚ್‌ಬಿಒ ಟಿವಿ ಚಾನೆಲ್‌ಗೆ 14 ಸ್ಪೆಷಲ್ ಮಾಡಿದರು. ಒಂದು ಮುಗಿದ ಮೇಲೆ ಮತ್ತೆ ಖಾಲಿ ಹಾಳೆಯಿಂದ ಶುರು ಮಾಡುವುದು ಅವರ ಪದ್ಧತಿ. ಅಲ್ಲಿಯವರೇ ಆದ ಇನ್ನೊಬ್ಬ ಹಾಸ್ಯಗಾರ ಜೆರ್ರಿ ಸೈನ್‌ಫೆಲ್ಡ್ 1998ರಲ್ಲಿ ತಮ್ಮ ಹಳೇ ಜೋಕುಗಳನ್ನೆಲ್ಲ ನ್ಯೂಯಾರ್ಕ್‌ನಲ್ಲಿ ಕೊನೇ ಸಲ ಹೇಳುತ್ತೇನೆ ಎಂದು ಶೋ ಮಾಡಿದರು. ಅದರ ಶುರುವಿಗೆ ಜೋಕುಗಳನ್ನು ಶವಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡುವ ತಮಾಷೆಯ ದೃಶ್ಯ ಬೇರೆ ಇತ್ತು. ಅಷ್ಟು ದೊಡ್ಡ ಮನುಷ್ಯ ಆಮೇಲೆ ಸಣ್ಣ ಕ್ಲಬ್‌ಗಳಿಗೆ ಹೋಗಿ, ಕೈಯಲ್ಲಿ ಚೀಟಿ ಹಿಡಿದು, ಮೊದಲಿನಿಂದ ಸೆಟ್ ಕಟ್ಟಿದರು.

ನಮ್ಮಲ್ಲಿ ಈ ಕ್ರಮ ತಿರುಗುಮುರುಗು. ಕನ್ನಡದಲ್ಲಿ ಸ್ಟ್ಯಾಂಡಪ್ ಸ್ಪೆಷಲ್‌ಗೆ ದೊಡ್ಡ ದುಡ್ಡು ಕೊಟ್ಟು ಕೊಳ್ಳುವ ಓಟಿಟಿಗಳು ಸಾಲುಗಟ್ಟಿ ನಿಂತಿಲ್ಲ. ಯೂಟ್ಯೂಬ್ ಕ್ಲಿಪ್ಪೇ ನಮ್ಮ ಪೋಸ್ಟರ್. ಕ್ಲಿಪ್ ಓಡದಿದ್ದರೆ ಮೈಸೂರಿನಲ್ಲಿ ನಮ್ಮ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ಟಿಕೆಟ್ ಹೋಗುವುದಿಲ್ಲ. ಓಡಿದರೆ, ಓಡಿದ ಜೋಕು ಸತ್ತಂತೆ. ನಿಮ್ಮನ್ನು ಸಭಾಂಗಣಕ್ಕೆ ಕರೆತಂದ ಜೋಕೇ ಅಲ್ಲಿ ನಿಮಗೆ ಹಳಸಲು.

ಈಗ ರೀಲ್ಸ್‌ನಲ್ಲಿ ಎಲ್ಲಿ ನೋಡಿದರೂ ಹಾಸ್ಯಗಾರರು 'ನೀವು ಏನು ಕೆಲಸ ಮಾಡ್ತೀರಾ? ಮದುವೆ ಆಗಿದೆಯಾ?' ಅಂತ ಮುಂದಿನ ಸಾಲಿನವರನ್ನು ಕೇಳುತ್ತಿರುವುದು ಇದಕ್ಕೇ. ಅದನ್ನು ಕ್ರೌಡ್ ವರ್ಕ್ ಅನ್ನುತ್ತಾರೆ. ಅದನ್ನು ಹಾಕಿದರೆ ಬರೆದ ಜೋಕು ಉಳಿಯುತ್ತದೆ.

ಹಿಂದಿನ ಸಾಲು

ಓಹೋ! ಅದಕ್ಕೇ ಮುಂದಿನ ಸಾಲಿನ ಟಿಕೆಟ್‌ಗೆ ರೇಟು ಜಾಸ್ತಿ. ನಮ್ಮನ್ನು ಬೈಯಿಸಿಕೊಳ್ಳಲು ನಾವೇ ದುಡ್ಡು ಕಟ್ಟಬೇಕು.

ಹಾರ್ಮೋನಿಯಂ ಮೇಷ್ಟ್ರು

ದುರ್ಯೋಧನನ ಪಾತ್ರ ಸಿಕ್ಕಂತೆಯೇ ಆಯಿತಲ್ಲ, ತಮ್ಮಾ.

ಹಳೇ ಕ್ಯಾಸೆಟ್

ಮೈಕ್ ಟೆಸ್ಟಿಂಗ್ ಹೇಳಿದ್ದಕ್ಕೆ ಸ್ವಲ್ಪ ಹಿಂದಿನ ಕಥೆ ಸೇರಿಸುತ್ತೇನೆ.

ರೇಡಿಯೋ ಬರುವ ಮೊದಲು ಅಮೆರಿಕದ ವಾಡ್‌ವಿಲ್ (ಹಾಡು, ಕುಣಿತ, ಹಾಸ್ಯ ಎಲ್ಲ ಸೇರಿದ ರಂಗಪ್ರದರ್ಶನ) ಕಲಾವಿದರು ಒಂದೇ ಸಣ್ಣ ಐಟಂ ಇಟ್ಟುಕೊಂಡು ವರ್ಷಗಟ್ಟಲೆ ಊರೂರು ತಿರುಗುತ್ತಿದ್ದರು. ಮುಂದಿನ ಊರಿನವರಿಗೆ ಅದು ಹೊಸದು. ರೇಡಿಯೋದಲ್ಲಿ ಒಂದು ರಾತ್ರಿ ಹೇಳಿದರೆ ಇಡೀ ದೇಶಕ್ಕೆ ಹಳೇದು. ಬಹಳ ಜನರ ಬಂಡವಾಳ ವಾರಗಳಲ್ಲಿ ಖಾಲಿಯಾಯಿತು.

ನಮ್ಮಲ್ಲಿ ಆ ಹೊಡೆತ ತಡವಾಗಿ ಬಿತ್ತು. ನಗೆ ಭಾಷಣದ ಕ್ಯಾಸೆಟ್ ಬಂತು, ಟಿವಿ ಬಂತು, ಆದರೂ ಊರಿನ ವೇದಿಕೆ ಬದುಕಿತ್ತು. ಕ್ಯಾಸೆಟ್ ಇದ್ದ ಮನೆ ಎಷ್ಟು? 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಕಥೆಯೇ ಬೇರೆ. ಕೊಪ್ಪಳದಲ್ಲಿ ಸಂಜೆ ಹೇಳಿದ್ದು ರಾತ್ರಿ ಊಟಕ್ಕೆ ಮೊದಲು ಮಳವಳ್ಳಿಯ ವಾಟ್ಸಾಪ್ ಗ್ರೂಪಿನಲ್ಲಿ ಇರುತ್ತದೆ. ಹಾಕಿದವರು ಭಾಷಣಕಾರರಲ್ಲ, ಎದುರಿಗೆ ಕೂತಿದ್ದವರು.

ಹಳೇದನ್ನು ಇಟ್ಟುಕೊಂಡೇ ಹೊಸದು ಮಾಡುವ ಒಂದು ದಾರಿಯನ್ನು ಮೈಸೂರಿನಲ್ಲೇ ಹುಟ್ಟಿದ ಮಾಸ್ಟರ್ ಹಿರಣ್ಣಯ್ಯನವರು ತೋರಿಸಿದ್ದರು. 'ಲಂಚಾವತಾರ' ದಶಕಗಳ ಕಾಲ, ಸಾವಿರಾರು ಪ್ರಯೋಗ ಕಂಡಿತು. ನಾಟಕ ಅದೇ. ಆದರೆ ನಡುನಡುವೆ ಆವತ್ತಿನ ರಾಜಕಾರಣಿ, ಆವತ್ತಿನ ಹಗರಣ ಬಂದು ಕೂರುತ್ತಿತ್ತು. ನೋಡಿದವರೇ ಮತ್ತೆ ನೋಡಲು ಹೋಗುತ್ತಿದ್ದುದು ಇವತ್ತು ಯಾರಿಗೆ ಬೀಳುತ್ತದೋ ಅನ್ನುವ ಆಸೆಗೆ. ಊರಿನ ಹೆಸರು, ತಿಂಡಿಯ ಹೆಸರು ಬದಲಾಯಿಸುವುದಕ್ಕೂ ಇದಕ್ಕೂ ಬಹಳ ದೂರ. ಇಲ್ಲಿ ಬದಲಾಗುತ್ತಿದ್ದುದು ಚುಚ್ಚುವ ಜಾಗ, ಅದರ ಜೊತೆಗೆ ಮಾತನಾಡುವವರ ಅಪಾಯವೂ.

ಇನ್ನು ಬರೆದಿಟ್ಟುಕೊಳ್ಳುವ ವಿಷಯ. ಫಿಲಿಸ್ ಡಿಲ್ಲರ್ ಎಂಬ ಅಮೆರಿಕದ ಹಾಸ್ಯಗಾರ್ತಿ ತಮ್ಮ ಜೋಕುಗಳನ್ನು ಕಾರ್ಡ್‌ಗಳ ಮೇಲೆ ಬರೆದು, ವಿಷಯವಾರು ವಿಂಗಡಿಸಿ, ಡ್ರಾಯರ್‌ಗಳಿರುವ ಕಬ್ಬಿಣದ ಬೀರುವಿನಲ್ಲಿ ಇಟ್ಟಿದ್ದರು. 50,000ಕ್ಕೂ ಜಾಸ್ತಿ ಕಾರ್ಡ್. ಈಗ ಆ ಬೀರು ಸ್ಮಿತ್ಸೋನಿಯನ್ ಮ್ಯೂಸಿಯಂನಲ್ಲಿದೆ. ನಮ್ಮ ನಗೆ ಭಾಷಣಕಾರರು ಇಷ್ಟು ವರ್ಷ ವೇದಿಕೆಯಲ್ಲಿ ಹೇಳಿದ್ದನ್ನೆಲ್ಲ ಯಾರಾದರೂ ಹೀಗೆ ಕೂಡಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಮಾತಿಗೆ ಬಂತು ಅಂತ ಹೇಳಿದೆ.

ಒಂಟಿಕೊಪ್ಪಲು ಅಕ್ಕ

ಹಿರಣ್ಣಯ್ಯನವರ ವಿಷಯ ಒಪ್ಪಿದೆ. ಹಾಗೆ ಮಾಡುವವರು ಅದೇ ಮಾತನ್ನು ನೂರು ಸಲ ಹೇಳಲಿ, ನಾನು ಹೋಗುತ್ತೇನೆ.

ಕೋರ್ಟ್ ರೋಡ್

ಯಾರೂ ಕೇಳದಿದ್ದರೂ ವಕೀಲನಾಗಿ ಎರಡು ವಿಷಯ.

ಒಂದು, ಜೋಕಿನ ಮಾಲೀಕತ್ವ. ತನ್ನದೇ ಜೋಕನ್ನು ತಾನು ಎಷ್ಟು ಸಲ ಹೇಳಿದರೂ ಕಾನೂನಿನ ತಕರಾರಿಲ್ಲ. ಬೇರೆಯವರದ್ದನ್ನು ಎತ್ತಿದರೆ? 1957ರ ಕೃತಿಸ್ವಾಮ್ಯ ಕಾಯ್ದೆ ಬರೀ ಐಡಿಯಾವನ್ನು ಕಾಯುವುದಿಲ್ಲ, ಅದನ್ನು ಹೇಳಿದ ರೀತಿಯನ್ನು ಕಾಯುತ್ತದೆ. ಆರ್.ಜಿ. ಆನಂದ್ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಟೋಲ್ ಗೇಟಿನ ಮೇಲೆ ಯಾರು ಬೇಕಾದರೂ ಜೋಕು ಮಾಡಬಹುದು. ಇನ್ನೊಬ್ಬರ ಟೋಲ್ ಜೋಕನ್ನು ಸಾಲು ಸಾಲಾಗಿ ಹೇಳಿದರೆ ಮಾತ್ರ ತೊಂದರೆ.

ಎರಡು, ಫೋನಿನಲ್ಲಿ ಚಿತ್ರೀಕರಿಸುವವರು ಕೇಳಿಸಿಕೊಳ್ಳಿ. ಅದೇ ಕಾಯ್ದೆಯಲ್ಲಿ ಪ್ರದರ್ಶಕರಿಗೆ ಬೇರೆಯದೇ ಹಕ್ಕು ಇದೆ. ಪ್ರದರ್ಶಕರು ಅಂದರೆ ಯಾರು ಅನ್ನುವ ಪಟ್ಟಿಯಲ್ಲಿ ನಟರು, ಗಾಯಕರು, ನರ್ತಕರ ಜೊತೆ ಜಾದೂಗಾರರು, ಹಾವಾಡಿಗರು, ಉಪನ್ಯಾಸ ಕೊಡುವವರು ಎಲ್ಲ ಬರುತ್ತಾರೆ. 'ಪ್ರದರ್ಶನ ಕೊಡುವ ಬೇರೆ ಯಾರೇ ಆಗಲಿ' ಅಂತಲೂ ಇದೆ. ಅವರನ್ನು ಕೇಳದೆ ರೆಕಾರ್ಡ್ ಮಾಡಿ ಹಂಚುವುದು ತಪ್ಪು.

ಇನ್ನು 'ಹೊಚ್ಚ ಹೊಸ' ಅಂತ ಬರೆದು ಹಳೇದು ಕೊಟ್ಟರೆ? ದಾರಿ ತಪ್ಪಿಸುವ ಜಾಹೀರಾತು ಅನ್ನುವ ಮಾತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ. ನೀವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ಜೋಕು ಹಳೇದು ಅಂತ ಸಾಬೀತು ಮಾಡಲು ಅದನ್ನು ಅಲ್ಲಿ ಹೇಳಬೇಕಾಗುತ್ತದೆ. ಅಲ್ಲಿ ಕೂತವರು ನಕ್ಕುಬಿಟ್ಟರೆ ನಿಮ್ಮ ಕೇಸು ಬಿತ್ತು.

ಹಿಂದಿನ ಸಾಲು

ಹಾವಾಡಿಗರ ಪಕ್ಕ ಸ್ಟ್ಯಾಂಡಪ್ ಕಲಾವಿದರು. ಕಾನೂನು ಬರೆದವರಿಗೆ ಹಾಸ್ಯಪ್ರಜ್ಞೆ ಇಲ್ಲ ಅಂದವರು ಯಾರು?

ಹಳೇ ಕ್ಯಾಸೆಟ್

ಕದಿಯುವ ಮಾತು ಬಂದದ್ದರಿಂದ ಒಂದು ಸಾಲು. ಹಾಸ್ಯ ಸಾಹಿತಿ ಬೀಚಿಯವರು ಸೃಷ್ಟಿಸಿದ ತಿಂಮ ಅನ್ನುವ ಪಾತ್ರ ಎಷ್ಟು ವೇದಿಕೆಗಳಲ್ಲಿ ಹೆಸರಿಲ್ಲದೆ ಓಡಾಡುತ್ತಾನೆ ಅಂತ ನೋಡಿ. ನಗೆ ಭಾಷಣಕಾರ ಗಂಗಾವತಿ ಪ್ರಾಣೇಶ್ ಅವರು ಬೀಚಿಯವರ ಹೆಸರು ಹೇಳಿಯೇ ಹೇಳುತ್ತಾರೆ, ಆ ಮರ್ಯಾದೆ ಎಲ್ಲರಿಗೂ ಇಲ್ಲ. ಹೆಸರು ಹೇಳಿ ಹಳೇ ಜೋಕು ಹೇಳಿದರೆ ನನಗೆ ಸಂತೋಷವೇ. ನನ್ನ ಮಕ್ಕಳು ಬೀಚಿಯವರನ್ನು ಓದಿದ್ದು ಹಾಗೆ ಕೇಳಿದ ಮೇಲೆ.

ಸರಸ್ವತಿಪುರಂ ಸಂಜೆ

ಎಲ್ಲರ ಮಾತು ಓದಿದೆ. ನನ್ನ ತಕರಾರು ಕರಗಲಿಲ್ಲ, ಆದರೆ ಎಲ್ಲಿ ನೋಯುತ್ತಿದೆ ಅಂತ ಈಗ ಸ್ಪಷ್ಟವಾಯಿತು.

ಮೈಕ್ ಟೆಸ್ಟಿಂಗ್ ಅವರು 'ಬೇಯದ ಜೋಕು' ಅಂದರಲ್ಲ, ಅಲ್ಲಿಂದ ಹಿಡಿದೆ. ಮೈಸೂರಿಗೆ ಏನು ಬರುತ್ತಿದೆ ನೋಡಿ. ಬೆಂಗಳೂರಿನಿಂದ ಹತ್ತಿರ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲಂತೂ ಸಂಜೆ ಬಂದು ಶೋ ಮಾಡಿ ರಾತ್ರಿಯೇ ವಾಪಸ್ ಹೋಗಬಹುದು. ಹಾಗಾಗಿ ಸೆಟ್ ಇನ್ನೂ ಕಟ್ಟುತ್ತಿರುವಾಗ 'ಮೈಸೂರಿನಲ್ಲಿ ಒಂದು ಟ್ರಯಲ್ ಮಾಡೋಣ' ಅಂತ ಬರುತ್ತಾರೆ. ಆಗ ಅರೆಬೆಂದದ್ದು. ಕಟ್ಟಿ ಮುಗಿದ ಒಳ್ಳೆಯ ಸೆಟ್ ಬೆಂಗಳೂರು, ಆಮೇಲೆ ದುಬೈ, ಲಂಡನ್, ಅಮೆರಿಕದ ಕನ್ನಡ ಕೂಟ ಅಂತ ಸುತ್ತುತ್ತದೆ. ಚಿತ್ರೀಕರಣ ಆಗುತ್ತದೆ, ಯೂಟ್ಯೂಬ್‌ಗೆ ಬರುತ್ತದೆ, ರೀಲ್ಸ್ ಆಗುತ್ತದೆ. ಎಲ್ಲ ಮುಗಿದ ಮೇಲೆ 'ಜನ ಕೇಳುತ್ತಿದ್ದಾರೆ' ಅಂತ ಮತ್ತೆ ಮೈಸೂರಿಗೆ, ಮಂಡ್ಯಕ್ಕೆ. ಆಗ ತಂಗಳು. ಬಿಸಿಯಾಗಿ ಬಡಿಸುವ ಆ ನಡುವಿನ ಆರು ತಿಂಗಳಲ್ಲಿ ನಮ್ಮ ಊರು ಅವರ ಪಟ್ಟಿಯಲ್ಲಿ ಯಾಕೆ ಇರುವುದಿಲ್ಲ?

ಜೋಕು ಹಳೇದಾಗಿದ್ದಕ್ಕೆ ನನಗೆ ಸಿಟ್ಟಿಲ್ಲ. ಯೂಟ್ಯೂಬ್‌ಗೆ ಹಾಕುವ ಮೊದಲು ಇಲ್ಲಿಗೆ ಬಂದಿದ್ದರೆ ಅದೇ ಜೋಕಿಗೆ ನಾನು ಕುರ್ಚಿಯಿಂದ ಬೀಳುವಂತೆ ನಗುತ್ತಿದ್ದೆ. ಎರಡು ಗಂಟೆ ದೂರದ ಊರಿಗೆ ಬರಲು ಅಷ್ಟು ತಡವಾ?

ಮೈಕ್ ಟೆಸ್ಟಿಂಗ್

ಇದಕ್ಕೆ ಉತ್ತರ ಇದೆ, ಆದರೆ ಇಷ್ಟವಾಗಲಿಕ್ಕಿಲ್ಲ. ಮೈಸೂರಿನಲ್ಲಿ ಟಿಕೆಟ್ ಮುಂಚೆ ಹೋಗುವುದಿಲ್ಲ. ಶೋ ದಿನ ಸಂಜೆ ಬಾಗಿಲಲ್ಲಿ ಬಂದು 'ಪಾಸ್ ಇದೆಯಾ' ಅಂತ ಕೇಳುತ್ತಾರೆ. ಹೊಸ ಹೆಸರು, ಹೊಸ ಸೆಟ್ ಅಂದರೆ ಅರ್ಧ ಕುರ್ಚಿ ಖಾಲಿ. ಸಭಾಂಗಣದ ಬಾಡಿಗೆ, ಸೌಂಡ್, ಲೈಟು, ಓಡಾಟ ಎಲ್ಲ ಕಳೆದರೆ ಕೈಯಿಂದ ಹಾಕಬೇಕು. ಕ್ಲಿಪ್ ಹಿಟ್ ಆದ ಮೇಲೆ ಬಂದರೆ ಮಾತ್ರ ತುಂಬುತ್ತದೆ. ಅಂದರೆ ನೀವು ತಂಗಳು ಅನ್ನುವುದನ್ನೇ ಊರು ಕೊಳ್ಳುತ್ತಿದೆ.

ಸರಸ್ವತಿಪುರಂ ಸಂಜೆ

ಪಾಸ್ ಕೇಳುವ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅದು ಊರಿನ ಹಳೇ ಕಾಯಿಲೆ. ದಸರಾದಿಂದ ಬಂದದ್ದು.

ಆದರೂ ರಂಗಾಯಣದ ಅಂಗಳ ನೋಡಿ. 1989ರಲ್ಲಿ ಬಿ.ವಿ. ಕಾರಂತರು ಈ ನಾಟಕ ಸಂಸ್ಥೆ ಶುರು ಮಾಡಿದಾಗಿನಿಂದ ಈ ಊರಿನವರು ಹೊಸ ನಾಟಕಕ್ಕೆ ಟಿಕೆಟ್ ತೆಗೆದುಕೊಂಡು ಕೂತಿದ್ದಾರೆ. ಹೊಸದನ್ನು ನೋಡುವ ಜನ ಇಲ್ಲಿದ್ದಾರೆ. ಅವರಿಗೆ ಯಾರೂ ಹೇಳುತ್ತಿಲ್ಲ, ಅಷ್ಟೇ.

ಪೆಂಡಾಲ್ ಸಮಿತಿ

ಟಿಕೆಟ್ ಶೋ ಮಾಡುವವರಿಗೆ ನನ್ನದೊಂದು ಸಲಹೆ. ಪೋಸ್ಟರ್‌ನಲ್ಲಿ ನಿಜ ಹೇಳಿ. 'ಹೊಚ್ಚ ಹೊಸ' ಬೇಡ. 'ನಿಮಗೆ ಇಷ್ಟವಾದ ಹಳೇದು, ಜೊತೆಗೆ ಅರ್ಧ ಗಂಟೆ ಹೊಸದು' ಅಂತ ಹಾಕಿ. ನಮ್ಮ ಅಧ್ಯಕ್ಷರಂಥವರು ಹಳೇದಕ್ಕೆ ಬರುತ್ತಾರೆ, ನಿಮ್ಮಂಥವರು ಹೊಸದಕ್ಕೆ ಬರುತ್ತೀರಿ. ಶುರುವಿಗೆ ಹೊಸದು, ಕೊನೆಗೆ ಹಳೇದು. ಬೇಡದವರು ಎದ್ದು ಬಸ್ ಹಿಡಿಯಬಹುದು.

ಫೋನ್ ಬಗ್ಗೆ ಕೋರ್ಟ್ ರೋಡ್ ಸಾಹೇಬರು ಹೇಳಿದ್ದು ಸರಿ. ಆದರೆ ನಮ್ಮ ಊರಿನಲ್ಲಿ ಫೋನ್ ಕಿಸೆಯಲ್ಲಿಡಿ ಅಂದರೆ ಭಾಷಣಕಾರರನ್ನೇ ಇಳಿಸಿಬಿಡುತ್ತಾರೆ.

ಕೋರ್ಟ್ ರೋಡ್

ಅಮೆರಿಕದ ಕೆಲವು ಹಾಸ್ಯಗಾರರು ಬಾಗಿಲಲ್ಲೇ ಪ್ರೇಕ್ಷಕರ ಫೋನನ್ನು ಬೀಗ ಬೀಳುವ ಚೀಲದಲ್ಲಿ ಹಾಕಿಸುತ್ತಾರೆ. ಚೀಲ ನಮ್ಮ ಕೈಯಲ್ಲೇ ಇರುತ್ತದೆ, ತೆಗೆಯಲು ಆಗುವುದಿಲ್ಲ. ಇಲ್ಲಿ ಹಾಗೆ ಮಾಡಿದರೆ ಇಂಟರ್‌ವಲ್‌ನಲ್ಲಿ ಮನೆಯಿಂದ 'ಹಾಲು ತಂದ್ರಾ' ಅನ್ನುವ ಫೋನ್ ಎತ್ತಲಾಗದೆ ಸಂಸಾರ ಒಡೆಯುತ್ತದೆ.

ಒಂಟಿಕೊಪ್ಪಲು ಅಕ್ಕ

ನೋಡಿ, ಮತ್ತೆ ಹೆಂಡತಿ ಜೋಕು.

ಕೋರ್ಟ್ ರೋಡ್

ಮೇಡಂ, ನಮ್ಮ ಮನೆಯಲ್ಲಿ ಹಾಲು ತರುವವರು ನನ್ನ ಹೆಂಡತಿ. ಫೋನ್ ಮಾಡಿ ಕೇಳುವವನು ನಾನು.

ಒಂಟಿಕೊಪ್ಪಲು ಅಕ್ಕ

ಹಾಗಾದರೆ ಇದು ಹೊಸದು. ನಕ್ಕೆ.

ಮೈಕ್ ಟೆಸ್ಟಿಂಗ್

ಇಷ್ಟು ಜನ ಇಷ್ಟು ಮಾತಾಡಿದ್ದೀರಿ, ಬರೀ ಬರೆದು ಏನು ಪ್ರಯೋಜನ. ನನ್ನ ಹತ್ತಿರ ಇಪ್ಪತ್ತು ನಿಮಿಷದ ಸೆಟ್ ಇದೆ. ಎಲ್ಲೂ ಹಾಕಿಲ್ಲ, ಬೆಂಗಳೂರಿನಲ್ಲೂ ಪೂರ್ತಿ ಹೇಳಿಲ್ಲ. ಕುವೆಂಪುನಗರದ ಕಡೆ ಯಾರದಾದರೂ ಟೆರೇಸ್, ಮೂವತ್ತು ಕುರ್ಚಿ ಇದ್ದರೆ ಒಂದು ಭಾನುವಾರ ಮಾಡುತ್ತೇನೆ. ಟಿಕೆಟ್ ಇಲ್ಲ. ಅರ್ಧ ಜೋಕು ಬೀಳುತ್ತವೆ ಅಂತ ಈಗಲೇ ಹೇಳುತ್ತಿದ್ದೇನೆ. ಯಾವುದು ಬಿತ್ತು ಅಂತ ಮುಖಕ್ಕೇ ಹೇಳಬೇಕು. ವಿಡಿಯೋ ಮಾತ್ರ ಮಾಡಬೇಡಿ.

ಸರಸ್ವತಿಪುರಂ ಸಂಜೆ

ಟೆರೇಸ್ ನಮ್ಮದು ಇದೆ. ಕುರ್ಚಿಗೆ ಶಾಮಿಯಾನದವರನ್ನು ಕೇಳುತ್ತೇನೆ. ತಂಗಿ ಮಗನನ್ನೂ ಕರೆಯುತ್ತೇನೆ, ಈ ಸಲ ಅವನಿಗೆ ಏನೂ ಗೊತ್ತಿರುವುದಿಲ್ಲ.

ಹಾರ್ಮೋನಿಯಂ ಮೇಷ್ಟ್ರು

ಮಂಡ್ಯದಿಂದ ರೈಲಿಗೆ ಬರುತ್ತೇನೆ. ಚೆನ್ನಾಗಿದ್ದರೆ ಒನ್ಸ್ ಮೋರ್ ಅನ್ನುತ್ತೇನೆ, ಅದೇ ಜೋಕನ್ನು ಅಲ್ಲೇ ಮತ್ತೆ ಹೇಳಬೇಕು. ಒಪ್ಪಿಗೆನಾ?

ಮೈಕ್ ಟೆಸ್ಟಿಂಗ್

ಒಪ್ಪಿದೆ ಮೇಷ್ಟ್ರೇ. ಅಂಥ ಜೋಕು ಒಂದಾದರೂ ಇರಲಿ ಅಂತ ಚಾಮುಂಡಿಗೆ ಕೈ ಮುಗಿಯುತ್ತೇನೆ.

ಹಿಂದಿನ ಸಾಲು

ಬಿದ್ದ ಪ್ರತಿ ಜೋಕಿಗೂ ಎಲ್ಲರಿಗೂ ಕಾಫಿ ಕೊಡಿಸಬೇಕು. ಇದು ನನ್ನ ಷರತ್ತು.

ಮೈಕ್ ಟೆಸ್ಟಿಂಗ್

ಬೈಟು ಆದರೆ ಒಪ್ಪಿಗೆ.